ದೊಡ್ಡ ಕ್ಯಾನಿನ ಹೊಳೆನೀರು

ನನ್ನ ಕೈಚೀಲದಲ್ಲಿ ಬಾಚಣಿಗೆ ಇಲ್ಲದ ದಿನ ಉಂಟು, ಪಿಎಚ್ ಕಾಗದ ಇಲ್ಲದ ದಿನ ಇಲ್ಲ. ನೀರಿಗೆ ಅದ್ದಿದಾಗ ಆಸಿಡ್ ಇದ್ದರೆ ಕೆಂಪಾಗುವ, ಕ್ಷಾರ ಇದ್ದರೆ ನೀಲಿಗೆ ತಿರುಗುವ ಸಣ್ಣ ಪಟ್ಟಿ ಅದು. ಪೀಣ್ಯದಲ್ಲಿ ನಟ್ಟು ಬೋಲ್ಟುಗಳಿಗೆ ಹೊಳಪು ಲೇಪಿಸುವ ಸಣ್ಣಪುಟ್ಟ ಕಾರ್ಖಾನೆಗಳು ಬೇಕಾದಷ್ಟಿವೆ. ಅವು ಹೊರಗೆ ಬಿಡುವ ನೀರನ್ನು ಪರೀಕ್ಷಿಸುವುದು ನನ್ನ ಕೆಲಸ. ಆಸಿಡ್ ನೀರಿಗೆ ಸುಣ್ಣ ಹಾಕಿ ಸಮ ಮಾಡಿ, ತಳದಲ್ಲಿ ಕೂತ ಗಸಿ ತೆಗೆದು, ಆಮೇಲೆ ಬಿಡಬೇಕು. "ಎಲ್ಲಾ ಕರೆಕ್ಟಾಗಿದೆ ಮೇಡಂ, ನೀವು ಮೊದ್ಲು ಕಾಫಿ ತಗೊಳ್ಳಿ" ಅನ್ನುತ್ತಾರೆ ಮಾಲೀಕರು. ನಾನು ಕಾಫಿಯನ್ನೂ ಕುಡಿಯುತ್ತೇನೆ, ಕಾಗದವನ್ನೂ ಅದ್ದುತ್ತೇನೆ. ಕಾಗದ ಕೆಂಪಾದರೆ ಕಾಫಿ ಚೆನ್ನಾಗಿತ್ತು ಅಂತ ಹೇಳಿ, ನೀರು ಚೆನ್ನಾಗಿಲ್ಲ ಅಂತ ವರದಿ ಬರೆಯುತ್ತೇನೆ. ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆಂದು ಗೊತ್ತು. ಬೇಜಾರಿಲ್ಲ.

ಇಲ್ಲಿಗೆ ಬರುವ ಮೊದಲು ನಾನು ಒಂದು ಅಣು ವಿದ್ಯುತ್ ಸ್ಥಾವರದ ಪರಿಸರ ಪ್ರಯೋಗಾಲಯದಲ್ಲಿದ್ದೆ. ಸ್ಥಾವರ ಹೊಳೆಯಿಂದ ನೀರು ಎಳೆದುಕೊಳ್ಳುತ್ತದೆ, ಯಂತ್ರಗಳನ್ನು ತಣ್ಣಗೆ ಮಾಡಿಕೊಳ್ಳುತ್ತದೆ, ತುಸು ಬೆಚ್ಚಗಾದ ಆ ನೀರನ್ನು ಕಾಲುವೆಯ ಮೂಲಕ ಮತ್ತೆ ಹೊಳೆಗೇ ಬಿಡುತ್ತದೆ. ಹಾಗೆ ವಾಪಸು ಬಂದ ನೀರು ಎಷ್ಟು ಬೆಚ್ಚಗಿದೆ, ಅದರಲ್ಲಿ ಸೇರಬಾರದ್ದು ಏನಾದರೂ ಸೇರಿದೆಯೇ ಎಂದು ನೋಡುವವರು ನಾವು. ಅಲ್ಲಿನ ನೀರಷ್ಟೇ ಅಲ್ಲ, ಸುತ್ತಲಿನ ಮನೆಗಳ ಹಾಲು, ಬಲೆಗೆ ಬಿದ್ದ ಮೀನು, ಗದ್ದೆಯ ಅಕ್ಕಿ, ಎಲ್ಲವನ್ನೂ ತಂದು ಅಳೆಯುತ್ತಿದ್ದೆವು. ಅಳತೆ ಮಿತಿಯೊಳಗೇ ಇದೆ ಎಂದರೆ ಜನ ನಂಬುತ್ತಿರಲಿಲ್ಲ, ಮಿತಿ ಮೀರಿದೆ ಎಂದಿದ್ದರೆ ತಕ್ಷಣ ನಂಬುತ್ತಿದ್ದರೇನೋ. ಅದಕ್ಕೆಲ್ಲ ಆಗ ನನಗೆ ಭಾರಿ ಸಿಟ್ಟು ಬರುತ್ತಿತ್ತು. ಈಗ ಆ ಸಿಟ್ಟನ್ನೂ ನೆನೆಸಿಕೊಂಡು ಆಸೆಪಡುತ್ತೇನೆ, ಯಾಕೆಂದರೆ ಆ ಸಿಟ್ಟಿನ ಜೊತೆಗೆ ದೋಣಿ ಇತ್ತು.

ದೋಣಿಯಲ್ಲಿ ನಾವು ಮೂವರು. ಹಿಂದೆ ಎಂಜಿನ್ ಹಿಡಿದು ಕೂರುವವನು ಒಬ್ಬ. ಅದೇ ದಡದವನು, ಈಜು ಕಲಿತದ್ದು ಯಾವಾಗ ಎಂದು ಕೇಳಿದರೆ ನಡೆಯಲು ಕಲಿತದ್ದು ಯಾವಾಗ ಎಂದು ನೀವು ಹೇಳಿ ಅನ್ನುವವನು. ನಡುವೆ ಬಾಟಲಿಗಳ ಜವಾಬ್ದಾರಿ ಹೊತ್ತ ಸಹೋದ್ಯೋಗಿ. ಮುಂದೆ ಉಷ್ಣಮಾಪಕ ಹಿಡಿದ ನಾನು. ಎಂಜಿನ್ ಹಿಡಿದವನನ್ನು ನಾನು ಮದುವೆಯಾದೆ. ಬಾಟಲಿಯವನು ಆ ಮದುವೆಗೆ ಸಾಕ್ಷಿ ಸಹಿ ಹಾಕಿದ, ಇವತ್ತಿಗೂ ನಮ್ಮ ಗೆಳೆಯ.

ಕಾಲುವೆಯ ಬೆಚ್ಚನೆಯ ನೀರು ಹೊಳೆಯ ತಣ್ಣೀರನ್ನು ಸೇರುವ ಕಡೆ ಒಂದು ಗೆರೆ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ದಿನದಿನಕ್ಕೆ ಜಾಗ ಬದಲಿಸುತ್ತದೆ. ಅದನ್ನು ದಾಟಿದ ಮೇಲೆ ಮಾದರಿ ತೆಗೆಯಬೇಕು. ಅಲ್ಲಿಗೆ ಬರುತ್ತಿದ್ದಂತೆ ಅವನು ಎಂಜಿನ್ ಸದ್ದು ತಗ್ಗಿಸಿ, ಬಲಗೈಯನ್ನು ನೀರಿಗೆ ಇಳಿಬಿಟ್ಟು, ಕಣ್ಣು ಅರೆ ಮುಚ್ಚಿ ಕೂರುತ್ತಿದ್ದ. ಸ್ವಲ್ಪ ಹೊತ್ತಿಗೆ "ಇಲ್ಲೇ" ಅನ್ನುತ್ತಿದ್ದ. ನಾನು ಉಷ್ಣಮಾಪಕ ಇಳಿಸುತ್ತಿದ್ದೆ. ಎಷ್ಟೋ ಸಲ ಅವನು ಹೇಳಿದ ಕಡೆ ನೀರು ತಣ್ಣಗೇ ಇರುತ್ತಿತ್ತು. ಆಗ ತಪ್ಪು ಉಷ್ಣಮಾಪಕದ್ದು ಎಂದು ಜಗಳ ತೆಗೆಯುತ್ತಿದ್ದ. "ಅದಕ್ಕೆ ಸರ್ಟಿಫಿಕೇಟ್ ಇದೆ, ನಿನ್ ಕೈಗೆ ಎಲ್ಲಿದೆ?" ಎಂದು ನಾನು. ಗೆಳೆಯ ಮಾತ್ರ ನಮ್ಮ ಜಗಳ ಮುಗಿಯುವ ತನಕ ಬಾಟಲಿ ತೊಳೆಯುತ್ತ ಕೂರುತ್ತಿದ್ದ.

ಆ ತೊಳೆಯುವುದಕ್ಕೂ ಒಂದು ಕ್ರಮವಿದೆ. ಯಾವ ನೀರು ತುಂಬಬೇಕೋ ಅದೇ ನೀರಿನಲ್ಲಿ ಮೂರು ಸಲ ಅಲುಬಿ ಚೆಲ್ಲಬೇಕು. ಪ್ರತಿ ಜಾಗದಿಂದ ಒಂದು ದೊಡ್ಡ ಕ್ಯಾನು, ಒಂದು ಸಣ್ಣ ಬಾಟಲಿ. ದೊಡ್ಡ ಕ್ಯಾನಿಗೆ ತುಂಬಿದ ಕೂಡಲೇ ಆಸಿಡ್ ಹಾಕಬೇಕು, ಇಲ್ಲದಿದ್ದರೆ ನೀರಿನಲ್ಲಿ ಕರಗಿರುವುದು ಕ್ಯಾನಿನ ಗೋಡೆಗೆ ಅಂಟಿಕೊಂಡು ಲೆಕ್ಕಕ್ಕೆ ಸಿಗುವುದಿಲ್ಲ. ಸಣ್ಣ ಬಾಟಲಿಗೆ ಏನೂ ಹಾಕುವಂತಿಲ್ಲ. ಅದು ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಜಲಜನಕ ಹುಡುಕುವುದಕ್ಕೆ. ಟ್ರಿಟಿಯಂ ಗೋಡೆಗೆ ಅಂಟುವ ಜಾತಿಯಲ್ಲ, ನೀರಿನೊಳಗೆ ನೀರೇ ಆಗಿರುತ್ತದೆ. ಆಸಿಡ್ ಹಾಕಿದ ಕ್ಯಾನಿನ ಕುತ್ತಿಗೆಗೆ ಗೆಳೆಯ ಕೆಂಪು ಟೇಪು ಸುತ್ತುತ್ತಿದ್ದ. ತುಂಬು, ಹಾಕು, ಮುಚ್ಚು, ಸುತ್ತು. ಅವನು ಮನೆಯ ವಿಷಯ ಮಾತಾಡುತ್ತಲೇ ಕೈ ಅಷ್ಟನ್ನೂ ಮುಗಿಸಿರುತ್ತಿತ್ತು.

ಕೆಲಸ ಮುಗಿದ ಮೇಲೆ ದೋಣಿಯನ್ನು ಸ್ಥಾವರದ ನೀರು ತಲುಪದಷ್ಟು ಮೇಲ್ಗಡೆ, ಹೋಲಿಕೆಯ ಮಾದರಿ ತೆಗೆಯುವ ಬಂಡೆಯ ಹತ್ತಿರ ಕಟ್ಟಿ ಊಟ ಬಿಚ್ಚುತ್ತಿದ್ದೆವು. ಕುಡಿಯುವ ನೀರು ತಂದಿರುತ್ತಿದ್ದೆವು, ಆದರೂ ಎಂಜಿನ್ ಹಿಡಿಯುವವನು ಬಂಡೆಯ ಮೇಲೆ ಮೊಣಕಾಲೂರಿ ಬೊಗಸೆಯಲ್ಲೇ ಕುಡಿಯುತ್ತಿದ್ದ. "ಲ್ಯಾಬಲ್ಲಿ ಕೆಲ್ಸ ಮಾಡೋನು ಇಂಥದ್ದು ಮಾಡ್ಬಾರ್ದು" ಅಂದರೆ, "ಲ್ಯಾಬ್ ಬರೋಕ್ ಮುಂಚೆನೂ ಇದೇ ಕುಡಿದಿದ್ದು" ಅನ್ನುತ್ತಿದ್ದ. ಮೂತಿಯೆಲ್ಲ ಒದ್ದೆ ಮಾಡಿಕೊಂಡು ನಗುತ್ತಿದ್ದ. ಆ ನಗುವನ್ನು ನಾನು ಈಗಲೂ ದಿನಕ್ಕೊಂದು ಸಲವಾದರೂ ಕಾಣಬೇಕೆಂದು ಹಂಬಲಿಸುತ್ತೇನೆ.

ಅವನ ಎರಡೂ ಮೂತ್ರಪಿಂಡ ಕೈಕೊಟ್ಟವು. ಕಾರಣ ಸಕ್ಕರೆ ಕಾಯಿಲೆ. ಅವರ ಮನೆಯಲ್ಲಿ ಅಪ್ಪನಿಗಿತ್ತು, ಅಣ್ಣನಿಗಿತ್ತು, ಇವನಿಗೂ ಬಂತು. ಬಂದ ಮೇಲೂ ಇವನು ಹೋಳಿಗೆ ಬಿಡಲಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು, ನಾವಿದ್ದ ಕಡೆ ಯಂತ್ರ ಖಾಲಿ ಸಿಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಸಿಕ್ಕಿತು. ನಾನು ಕೆಲಸ ಬಿಟ್ಟು, ಪೀಣ್ಯದಲ್ಲಿ ಈ ಕೆಲಸ ಹುಡುಕಿಕೊಂಡೆ. ರಾಜಗೋಪಾಲನಗರದಲ್ಲಿ ಲೇತ್ ಅಂಗಡಿಯ ಮೇಲಿನ ಮನೆ. ಬೆಳಗಾದರೆ ಕಬ್ಬಿಣ ಕೊರೆಯುವ ಸದ್ದು, ಸಂಜೆ ಶಿಫ್ಟ್ ಬಿಟ್ಟವರ ಬೈಕುಗಳ ಸದ್ದು. ಹೊಳೆ ಬಿಟ್ಟು ಬಂದವನಿಗೆ ಕಿಟಕಿಯಲ್ಲಿ ಕಾಣುತ್ತಿದ್ದದ್ದು ಸಾಲಾಗಿ ನಿಂತ ಕಪ್ಪು ಸಿಂಟೆಕ್ಸ್ ಟ್ಯಾಂಕುಗಳು.

ಮನೆ ಓನರಮ್ಮ ಒಳ್ಳೆಯ ಹೆಂಗಸು. ಇಡೀ ಬೀದಿ ಅವರ ಮಾವನ ರಾಗಿ ಹೊಲವಾಗಿತ್ತಂತೆ. ನಾನು ಗಂಡನನ್ನು ಹೋಗೋ ಬಾರೋ ಅನ್ನುವುದು ಅವರಿಗೆ ಹಿಡಿಸುತ್ತಿರಲಿಲ್ಲ, ಬಂದು ವಿಚಾರಿಸುವುದನ್ನು ಮಾತ್ರ ಬಿಡುತ್ತಿರಲಿಲ್ಲ. "ಅಲ್ಲಾ ಕಣಮ್ಮಾ, ಆ ಅಣು ನೀರು ಕುಡ್ದೇ ಇಂಗಾಯ್ತಾ ಅಂತ?" ಎಂದು ಕೇಳಿದರು ಒಂದು ದಿನ.

"ಅಣು ನೀರಲ್ಲ ಆಂಟಿ, ಹೋಳಿಗೆ" ಅಂದೆ.

ಅವರು ನಂಬಲಿಲ್ಲ. ಒಳಗಿನಿಂದ ಅವನು, "ತುಪ್ಪಾನೂ ಸೇರ್ಸೇ" ಎಂದು ಕೂಗಿದ.

ಡಯಾಲಿಸಿಸ್‌ನವರಿಗೆ ಊಟಕ್ಕಿಂತ ಕಷ್ಟದ ಪಥ್ಯ ನೀರಿನದು. ಕುಡಿದದ್ದು ಮೈಯಿಂದ ಹೊರಗೆ ಹೋಗುವುದಿಲ್ಲ, ಒಳಗೇ ತುಂಬಿ ಉಸಿರು ಕಟ್ಟಿಸುತ್ತದೆ. ಇಡೀ ದಿನಕ್ಕೆ ಅವನ ಪಾಲು ಒಂದು ಸಣ್ಣ ಸ್ಟೀಲ್ ಚೊಂಬು. ಬೆಳಗ್ಗೆ ನಾನೇ ತುಂಬಿ ಅವನ ತಲೆದೆಸೆಯಲ್ಲಿ ಇಡುತ್ತಿದ್ದೆ. ಉಪ್ಪೂ ಬಂದ್, ತಿಂದರೆ ಬಾಯಾರಿಕೆ ಜಾಸ್ತಿ ಎಂದು. ಹೊಳೆಯಲ್ಲಿ ಬಿದ್ದು ಬೆಳೆದವನು ಆ ಚೊಂಬನ್ನು ದಿನವಿಡೀ ಗುಟುಕು ಗುಟುಕಾಗಿ ಕರಗಿಸುವುದನ್ನು ನೋಡಿಕೊಂಡು ನಾನು ಕೆಲಸಕ್ಕೆ ಹೋಗಿ, ಇಡೀ ದಿನ ಬೇರೆಯವರ ನೀರಿನ ಲೆಕ್ಕ ಕೇಳಿ ಬರುತ್ತಿದ್ದೆ. ಅವನೆದುರು ನಾನು ನೀರು ಕುಡಿಯುತ್ತಿರಲಿಲ್ಲ. ಅಡುಗೆಮನೆಯಲ್ಲಿ, ನಲ್ಲಿಯ ಸದ್ದು ಕೇಳಿಸದ ಹಾಗೆ ಕುಡಿಯುತ್ತಿದ್ದೆ. ಅವನಿಗೆ ಗೊತ್ತಿತ್ತು.

ಅವನು ಏನನ್ನೂ ಬೇಡಿದವನಲ್ಲ. ಒಂದು ಸಲ ಡಯಾಲಿಸಿಸ್ ಮುಗಿಸಿ ಆಟೋದಲ್ಲಿ ಬರುವಾಗ ಮಾತ್ರ ಹೇಳಿದ: "ಇರೋದು ಒಂದು ಚೊಂಬು. ಒಂದಿನ ಆ ಚೊಂಬಲ್ಲಿ ಬಂಡೆ ಹತ್ರದ್ ನೀರಿರ್ಲಿ. ಅಷ್ಟೇ."

ಊರಿಗೆ ಕರೆದುಕೊಂಡು ಹೋಗುವ ಮಾತೇ ಇರಲಿಲ್ಲ. ಎರಡು ಡಯಾಲಿಸಿಸ್‌ಗಳ ನಡುವೆ ಆ ದಾರಿಯ ಆಯಾಸ ಅವನ ಹೃದಯಕ್ಕೆ ಆಗದು ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು. ನಾನು ಗೆಳೆಯನಿಗೆ ಫೋನ್ ಮಾಡಿದೆ. "ಇಷ್ಟೇನಾ? ಮುಂದಿನ್ ಭಾನುವಾರ ನಾನೇ ತಂದ್ಕೊಡ್ತೀನಿ" ಅಂದ. ನೀರು ಬಂದ ಮೇಲೆ ಕುದಿಸಿ ಆರಿಸಿ ಕೊಡುವುದೆಂದು ನಾನು ನಿರ್ಧರಿಸಿದೆ. "ಕುದಿಸಿದ್ಮೇಲೆ ಅದು ಹೊಳೆಯಲ್ಲ, ಕಷಾಯ" ಎಂದು ನನ್ನ ಗಂಡ ತಕರಾರು ತೆಗೆದ. ಎರಡು ದಿನ ಅದೇ ವಾದ. ಕೊನೆಗೆ, ಕುದಿಸಬಹುದು ಆದರೆ ಫ್ರಿಜ್ಜಿಗೆ ಇಡಬಾರದು ಎಂದು ರಾಜಿಯಾಯಿತು. ಎಷ್ಟೋ ತಿಂಗಳ ನಂತರ ಮನೆಯಲ್ಲಿ ಕಾಯಿಲೆ ಬಿಟ್ಟು ಬೇರೆ ವಿಷಯಕ್ಕೆ ಜಗಳವಾಡುತ್ತಿದ್ದೆವು. ನನಗೆ ಹಬ್ಬದ ಹಾಗಿತ್ತು.

ಭಾನುವಾರ ಬೆಳಗ್ಗೆ ಎಂದಿನಂತೆ ಚೊಂಬು ತುಂಬಲು ಹೋದರೆ ಅವನು ಅದರ ಮೇಲೆ ಅಂಗೈ ಮುಚ್ಚಿದ. "ಖಾಲಿ ಇರ್ಲಿ" ಅಂದ. ಮಾತ್ರೆಗೂ ನೀರು ಬೇಡವೆಂದ. ಎರಡು ಮಾತ್ರೆಯನ್ನು ಒಣ ಬಾಯಲ್ಲೇ ನುಂಗಿದ. ಇಡೀ ದಿನದ ಪಾಲನ್ನು ಹೊಳೆಗೆಂದು ಉಳಿಸಿಕೊಂಡಿದ್ದ. ತುಟಿ ಒಣಗಿ ಬಿಳಿಯಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಲು ಹೋದರೆ ಅದಕ್ಕೂ ಮುಖ ತಿರುಗಿಸಿದ.

ತಿಂಡಿಯ ಹೊತ್ತು ಕಳೆದ ಮೇಲೆ ಗೆಳೆಯ ಬಂದ. ಜಾಲಹಳ್ಳಿ ಕ್ರಾಸ್‌ನಲ್ಲಿ ಬಸ್ಸಿಳಿದು, ಅಲ್ಲಿಂದ ಹೆಗಲ ಮೇಲೆ ಹೊತ್ತುಕೊಂಡೇ ನಡೆದಿದ್ದ. ಮೂರು ಮಹಡಿ ಹತ್ತಿ, ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ. ಹೆಗಲ ಮೇಲೆ ದೊಡ್ಡ ಕ್ಯಾನು.

"ಸಣ್ಣ ಬಾಟ್ಲಿ ಯಾರಿಗ್ ಸಾಕಾಗುತ್ತೆ ಮಾರಾಯ? ತಿಂಗಳಿಡೀ ಬರ್ಲಿ ಅಂತ ದೊಡ್ಡದ್ರಲ್ಲೇ ತುಂಬ್ದೆ. ಸ್ಯಾಂಪಲ್‌ಗೆ ಹೋದಾಗ್ಲೇ ಬಂಡೆ ಪಕ್ಕ ಇಳ್ದು, ಮೂರ್ ಸಲ ತೊಳ್ದು..."

ನನ್ನ ಗಂಡ ಹಾಸಿಗೆಯಲ್ಲಿ ಎದ್ದು ಕೂತಿದ್ದ. ಚೊಂಬನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಗೆಳೆಯ ಕ್ಯಾನನ್ನು ನೆಲಕ್ಕೆ ಇಳಿಸಿದಾಗ ಗಂಡನ ಕಣ್ಣು ಕ್ಯಾನಿನ ಕುತ್ತಿಗೆಯ ಮೇಲೆ ನಿಂತಿತು. ನಾನೂ ನೋಡಿದೆ. ಕೆಂಪು ಟೇಪು.

 ಗೆಳೆಯ ನಮ್ಮ ಮುಖ ನೋಡಿದ, ಕ್ಯಾನು ನೋಡಿದ, ಅಲ್ಲೇ ನೆಲದ ಮೇಲೆ ಕೂತ. "ಹಾಕ್ಬಿಟ್ಟಿದೀನಿ" ಅಂದ. "ದೊಡ್ಡ ಕ್ಯಾನ್ ಕೈಗ್ ಬಂತಲ್ಲ, ಕೈ ತಾನಾಗೇ ಹಾಕ್ಬಿಟ್ಟಿದೆ. ನಂಗೆ ಗೊತ್ತೇ ಆಗ್ಲಿಲ್ಲ ಕಣೋ."

ಆದರೂ ನಾನು ಕೈಚೀಲ ಹುಡುಕಿ ಕಾಗದ ತೆಗೆದು ಅದ್ದಿದೆ. ಟೇಪು ಸುತ್ತಿ ಆಸಿಡ್ ಮರೆತಿರಬಾರದೇ ಎಂಬ ಆಸೆ. ಕಾಗದ ಟೇಪಿಗಿಂತ ಕೆಂಪಾಯಿತು. ನಮ್ಮ ಗೆಳೆಯ ಇಷ್ಟು ವರ್ಷದಲ್ಲಿ ಒಂದು ಸಲವೂ ಮರೆತವನಲ್ಲ.

ಮೊದಲು ನಕ್ಕವನು ನನ್ನ ಗಂಡನೇ. "ಪರ್ಫೆಕ್ಟ್ ಸ್ಯಾಂಪಲ್" ಅಂದ. ಗೆಳೆಯ ಅತ್ತುಬಿಟ್ಟ. ನಾನು ಇಬ್ಬರಿಗೂ ಬೈದೆ. ಯಾರಿಗೆ ಏನೆಂದು ಬೈದೆನೋ ನೆನಪಿಲ್ಲ.

ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ. ನಾನು ದಿನವೂ ಮಾಡಿಸುವ ಕೆಲಸವೇ ಇದು ತಾನೆ? ಆಸಿಡ್ ನೀರನ್ನು ಸಮ ಮಾಡುವುದು. ಡಬ್ಬಿಯಲ್ಲಿ ಅಡುಗೆ ಸೋಡಾ ಇತ್ತು. ಹಾಕಿದರೆ ನೊರೆಯೆದ್ದು, ನೊರೆ ಇಳಿಯುವಷ್ಟರಲ್ಲಿ ಕಾಗದ ಸರಿಯಾದ ಬಣ್ಣ ತೋರಿಸುತ್ತದೆ. ಪೀಣ್ಯದಲ್ಲಾದರೆ ಅಂಥ ನೀರಿಗೆ ನಾನು ಸಹಿ ಹಾಕುತ್ತೇನೆ. ಆದರೆ ಆಸಿಡ್ ಎಲ್ಲಿಗೂ ಹೋಗುವುದಿಲ್ಲ. ಸೋಡಾದ ಜೊತೆ ಸೇರಿ ಉಪ್ಪಾಗುತ್ತದೆ. ಉಪ್ಪನ್ನು ಅವನ ಬಾಯಿಗೆ ಹಾಕುವಂತಿಲ್ಲ, ಅದೂ ಇಂಥ ಉಪ್ಪನ್ನು. ಚರಂಡಿಗೆ ಬಿಡಲು ಯೋಗ್ಯವಾದ ನೀರು ಮಾಡಲು ನನಗೆ ಬರುತ್ತಿತ್ತು, ನನ್ನ ಗಂಡನಿಗೆ ಒಂದು ಗುಟುಕು ಕುಡಿಸುವ ನೀರು ಮಾಡಲು ಬರಲಿಲ್ಲ. ಸೋಡಾ ಡಬ್ಬಿಯ ಮುಚ್ಚಳ ಹಾಕಿ ಇಟ್ಟೆ.

ಗೆಳೆಯ ಊಟ ಮಾಡಲಿಲ್ಲ. ಮುಂದಿನ ತಿಂಗಳು ಸಣ್ಣ ಬಾಟಲಿಯಲ್ಲಿ ತರುತ್ತೇನೆಂದು ಹೇಳಿ, ಹೋದ. ಅವನು ಹೋದ ಮೇಲೆ ಚೊಂಬಿಗೆ ಮನೆಯ ನೀರು ತುಂಬಿ ಕೊಟ್ಟೆ. ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿದ. ಕುಡಿ ಅಂದೆ. ಇಲ್ಲ. ಬೆಳಗಿನಿಂದ ಒಂದು ಹನಿ ಹೋಗಿರಲಿಲ್ಲ. "ನಿನ್ ಹೊಳೆ ಅಲ್ಲೇ ಇರತ್ತೆ, ಎಲ್ಲಿಗೂ ಓಡ್ಹೋಗಲ್ಲ, ಮೊದ್ಲು ನೀನಿರು" ಎಂದು ಕೂಗಾಡಿದೆ. ಲೇತ್ ಅಂಗಡಿಗೆ ರಜೆ, ಹಾಗಾಗಿ ನನ್ನ ಗಂಟಲು ಬೀದಿಗೆಲ್ಲ ಕೇಳಿಸಿರಬೇಕು. ಅವನು ತಿರುಗಲಿಲ್ಲ. ಹಠ ಅಂದರೆ ಹಠ. ನನಗೂ ಅಳು ಬಂತು, ಜೊತೆಗೆ ಸಿಟ್ಟೂ ಬಂತು.

ಆ ಸಿಟ್ಟಿನಲ್ಲೇ ಬಟ್ಟೆ ನೆನೆಹಾಕುವ ಅಗಲದ ಟಬ್ಬನ್ನು ತಂದು ಅವನ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ. ತಣ್ಣೀರು ತುಂಬಿದೆ. ಒಲೆಯ ಮೇಲೆ ನೀರು ಉಗುರುಬೆಚ್ಚಗೆ ಮಾಡಿ, ಟಬ್ಬಿನ ಆ ಕಡೆಯ ಅಂಚಿನಿಂದ, ಅಲುಗಾಡಿಸದೆ, ಸಣ್ಣಗೆ ಸುರಿಯುತ್ತ ಹೋದೆ. ಬೆಚ್ಚನೆಯ ನೀರು ತಣ್ಣೀರಿನ ಮೇಲೆ ಹರಡಿಕೊಳ್ಳುತ್ತದೆ, ತಕ್ಷಣ ಬೆರೆಯುವುದಿಲ್ಲ. ಹೊಳೆಯಲ್ಲೂ ಹಾಗೇ.

"ಕೈ ಕೊಡು" ಅಂದೆ.

ಎಡಗೈ ಡಯಾಲಿಸಿಸ್ ಸೂಜಿಯದು, ಅದನ್ನು ಯಾರೂ ಮುಟ್ಟುವಂತಿಲ್ಲ. ಬಲಗೈಯನ್ನು ಹಿಡಿದು ಟಬ್ಬಿನ ಈ ಕಡೆಯ ತಣ್ಣೀರಿಗೆ ಇಳಿಸಿದೆ. ಏನು ಮಾಡುತ್ತಿದ್ದೇನೆಂದು ಅವನಿಗೆ ಮೊದಲು ತಿಳಿಯಲಿಲ್ಲ. ನಾನು ಆ ಕಡೆಯಿಂದ ಸುರಿಯುತ್ತಲೇ ಇದ್ದೆ. ಅವನ ಕೈ ಸುಮ್ಮನೆ ತೇಲುತ್ತಿತ್ತು. ಆಮೇಲೆ ಬೆರಳುಗಳು ತಾವಾಗಿಯೇ ಅಗಲವಾದವು. ಕೈ ಮೆಲ್ಲಗೆ ಮುಂದಕ್ಕೆ ಸರಿಯಿತು. ಕಣ್ಣು ಅರೆ ಮುಚ್ಚಿತು. ಕೋಣೆಯಲ್ಲಿ ನೀರು ಬೀಳುವ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಟಬ್ಬಿನ ನಡುವೆ ಒಂದು ಕಡೆ ಕೈ ನಿಂತಿತು.

"ಇಲ್ಲೇ" ಅಂದ.

ಉಷ್ಣಮಾಪಕ ಇರಲಿಲ್ಲ. ನಾನೂ ಕೈ ಇಳಿಸಿ ನೋಡಿದೆ. ಅವನು ಹೇಳಿದ್ದು ಸರಿಯಾಗಿತ್ತು.

ಬಹಳ ಹೊತ್ತು ಹಾಗೇ ಇದ್ದೆವು, ಎರಡೂ ಕೈ ನೀರಿನಲ್ಲಿ. ನೀರು ಪೂರ್ತಿ ಬೆರೆತು ಗೆರೆ ಅಳಿಸಿ ಹೋದ ಮೇಲೆ ಅವನು ಚೊಂಬು ಕೇಳಿದ. ಇಡೀ ದಿನದ ಪಾಲನ್ನು ಒಂದೇ ಉಸಿರಿಗೆ ಕುಡಿದ. ನೀರು ಗಲ್ಲದ ಮೇಲೆ, ಕುತ್ತಿಗೆಯ ಮೇಲೆ ಇಳಿಯಿತು. ಮೂತಿ ಒದ್ದೆ ಮಾಡಿಕೊಂಡು ನನ್ನನ್ನು ನೋಡಿ ನಕ್ಕ.

ಮುಂದಿನ ತಿಂಗಳು ಗೆಳೆಯ ಬರುವ ಮೊದಲೇ ಅವನು ಹೋದ. ಒಂದು ಮುಂಜಾನೆ, ಆಸ್ಪತ್ರೆಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದಾಗ, ಹೃದಯ ನಿಂತಿತು. ಗೆಳೆಯ ಸಣ್ಣ ಬಾಟಲಿಯನ್ನೇ ತಂದಿದ್ದ. ನನ್ನ ಕೈಗೆ ಕೊಡಲೋ ಬೇಡವೋ ಎಂದು ಜೇಬಿನಲ್ಲೇ ಹಿಡಿದುಕೊಂಡು ನಿಂತಿದ್ದ. ನಾನು ಇಸಿದುಕೊಂಡು ಅಲ್ಲೇ, ಕುದಿಸದೆ, ಎಲ್ಲವನ್ನೂ ಕುಡಿದೆ. ನನಗೆ ಅಳತೆಯ ಹಂಗಿರಲಿಲ್ಲ. ನೀರಿಗೆ ನೀರಿನ ರುಚಿಯಷ್ಟೇ ಇತ್ತು, ಸ್ವಲ್ಪ ಪ್ಲಾಸ್ಟಿಕ್ ವಾಸನೆ ಕೂಡ. ಅವನಿಗೆ ಇದನ್ನು ಹೇಳಿದ್ದರೆ ಕುದಿಸಿದ್ದರೇ ಒಳ್ಳೆಯದಿತ್ತೇನೋ ಎಂದು ನನ್ನನ್ನೇ ರೇಗಿಸುತ್ತಿದ್ದ.

ದೊಡ್ಡ ಕ್ಯಾನು ಇನ್ನೂ ಮಂಚದ ಕೆಳಗಿದೆ. "ಅದೇನಮ್ಮಾ ಅದು, ಗಂಗಾಜಲಾನಾ?" ಎಂದು ಓನರಮ್ಮ ಕೇಳಿದ್ದರು. ಹೌದು ಅಂದುಬಿಟ್ಟೆ, ವಿವರಿಸಲು ಹೋದರೆ ಮತ್ತೆ ಅಣು ನೀರಿನ ವಿಷಯಕ್ಕೇ ಬರುತ್ತಾರೆ. ಆಸಿಡ್ ನೀರನ್ನು ಚರಂಡಿಗೆ ಬಿಡುವಂತಿಲ್ಲ, ಊರಿಗೆಲ್ಲ ಹೇಳುವವಳು ನಾನೇ. ಸೋಡಾ ಹಾಕಿದರೆ ಬಿಡಬಹುದು. ಹಾಕಿಲ್ಲ.

ಮೊನ್ನೆ ಬೊಮ್ಮನಹಳ್ಳಿ ಕಡೆಯ ಒಂದು ಜೀನ್ಸ್ ಬಟ್ಟೆ ತೊಳೆಯುವ ಘಟಕಕ್ಕೆ ಹೋಗಿದ್ದೆ. ಶುದ್ಧ ಮಾಡಿದ ನೀರು ಸೇರುವ ಕೊನೆಯ ತೊಟ್ಟಿಗೆ ಒಂದು ಕಡೆಯಿಂದ ಬೆಚ್ಚನೆಯ ನೀರು, ಇನ್ನೊಂದು ಕಡೆಯಿಂದ ತಣ್ಣೀರು ಬರುತ್ತಿತ್ತು. ಕಾಗದ ಸರಿಯಾದ ಬಣ್ಣವನ್ನೇ ತೋರಿಸಿತು. ಕೈಗವಸಿಲ್ಲದೆ ಯಾವ ತೊಟ್ಟಿಯ ನೀರನ್ನೂ ಮುಟ್ಟಬೇಡಿ ಎಂದು ಎಲ್ಲರಿಗೂ ಉಪದೇಶ ಮಾಡುವ ನಾನು ಕೈಗವಸು ಕಳಚಿ, ಅಂಚಿನಲ್ಲಿ ಕೂತು, ಬಲಗೈ ಇಳಿಬಿಟ್ಟೆ. ತಣ್ಣಗಿತ್ತು. ಇನ್ನೂ ತಣ್ಣಗಿತ್ತು. ಆಮೇಲೆ ಬೆರಳ ತುದಿಗೆ ಬೆಚ್ಚಗೆ ತಗುಲಿತು.

"ಇಲ್ಲೇ" ಅಂದೆ. ಗಟ್ಟಿಯಾಗಿಯೇ ಅಂದಿರಬೇಕು.

ತೊಟ್ಟಿ ನೋಡಿಕೊಳ್ಳುವ ರಾಯಚೂರು ಕಡೆಯ ಕೆಲಸದವರೊಬ್ಬರು ಕ್ಯಾನು, ಬಾಟಲಿ ಎರಡನ್ನೂ ಹಿಡಿದು ಪಕ್ಕದಲ್ಲಿ ನಿಂತಿದ್ದರು. ನನ್ನ ಮುಖ ನೋಡಿ ಕೇಳಿದರು: "ಇಲ್ಲೇ ತುಂಬಲೇನ್ರೀ ಮೇಡಂ? ಯಾವುದ್ರಾಗ?"

"ಎರಡ್ರಲ್ಲೂ ತುಂಬಿ" ಅಂದೆ. "ಸಣ್ಣದಕ್ಕೆ ಮಾತ್ರ ಏನೂ ಹಾಕ್ಬೇಡಿ."